ಸವಾರ್ ತಾತನ ಪದಕ

ಬೆಂಗಳೂರಿನಿಂದ ಹೊರಟಾಗ ನಳಿನಿಯಮ್ಮ ಆ ಪದಕವನ್ನು ಪೆಟ್ಟಿಗೆಯಲ್ಲಿ ಹಾಕಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡರು. ವಿಮಾನ ನಿಲ್ದಾಣದ ಯಂತ್ರ ಕಿರುಚಿತು, ಅಲ್ಲಿದ್ದ ಹುಡುಗಿ ಗಾಬರಿಯಾದಳು, ಇವರು "ನಮ್ಮನೆಯವರ ತಾತಂದಮ್ಮ, ಬಾಂಬ್ ಅಲ್ಲ" ಎಂದು ಇನ್ನಷ್ಟು ಗಾಬರಿ ಮಾಡಿದರು. ಅಂತೂ ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿ ಮಗ ಧೀರಜ್‌ನ ಮನೆ ತಲುಪಿ, ಊಟದ ಮೇಜಿನ ಮೇಲೆ ಗಂಟು ಬಿಚ್ಚಿದರು.

ಬೆಳ್ಳಿಯ ಬಿಲ್ಲೆ. ಒಂದು ಕಡೆ ಇಂಗ್ಲಿಷರ ದೊರೆಯ ತಲೆ. ಇನ್ನೊಂದು ಕಡೆ ಕುದುರೆ ಏರಿದ ಬತ್ತಲೆ ಗಂಡಸು, ಅವನ ಮೈತುಂಬ ಒಣಗಿದ ಕುಂಕುಮ.

ಮೊಮ್ಮಗಳು ಚಾರ್ವಿ ಬಗ್ಗಿ ನೋಡಿದಳು. "ಅಜ್ಜಿ, ಇವ್ರೇನಾ ಸವಾರ್ ತಾತ? ಪ್ಯಾಂಟ್ ಎಲ್ಲಿ?"

"ಯುದ್ಧಕ್ಕೆ ಹೋಗೋ ಅವಸರ ಕಣೇ. ಮರೆತುಬಿಟ್ರು."

ಸವಾರ್ ತಾತ ಅಂದರೆ ನಳಿನಿಯಮ್ಮನ ತೀರಿಹೋದ ಗಂಡ ರಘುನಾಥರಾಯರ ತಾತ. ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯಲ್ಲಿ ಸವಾರರಾಗಿದ್ದವರು. ಮೊದಲನೆಯ ಮಹಾಯುದ್ಧಕ್ಕೆಂದು ಹಡಗು ಹತ್ತಿದಾಗ ಹೆಂಡತಿ ಬಸುರಿ. ಅವರು ತಿರುಗಿ ಬರಲಿಲ್ಲ, ಪದಕ ಬಂತು. ಆ ಹೆಂಡತಿ ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ, ಆ ಕಾಲದ ಹೆಂಗಸರು ಆಡುತ್ತಿರಲಿಲ್ಲ. ಮಗನಿಗೆ ಕೇಳುವಷ್ಟು ಬುದ್ಧಿ ಬರುವ ಮೊದಲೇ ಅವಳೂ ಹೋದಳು. ಗೊತ್ತಿದ್ದ ಹಿರಿಯರನ್ನು ಯುದ್ಧ ಮುಗಿದ ವರ್ಷದ ಜ್ವರ ಒಯ್ದಿತ್ತು. ಸೋದರಮಾವ ಹುಡುಗನನ್ನು ಶಾಲೆಗೆ ಸೇರಿಸುವಾಗ ತಂದೆಯ ಜಾಗದಲ್ಲಿ ತನ್ನ ಹೆಸರನ್ನೇ ಹೇಳಿದ. ಯಾರೂ ಕದಿಯದೆ, ಯಾರೂ ಕೆಟ್ಟದ್ದು ಬಯಸದೆ, ಒಬ್ಬ ಮನುಷ್ಯನ ಹೆಸರು ಹೀಗೆ ಕಳೆದುಹೋಯಿತು.

ರಘುನಾಥರಾಯರಿಗೆ ಅದೊಂದು ಕೊರಗು. ತಂದೆಯ ತಿಥಿ ಮಾಡುವಾಗ ತಾತನ ಹೆಸರು ಬರುವಲ್ಲಿ ನಿಂತುಬಿಡುತ್ತಿದ್ದರು. ಆಸ್ಪತ್ರೆಯಲ್ಲಿ ಹೆಂಡತಿಯ ಕೈ ಹಿಡಿದು ಕೇಳಿದ್ದೂ ಅದನ್ನೇ: "ನನ್ನ ತಿಥೀಲಿ ಧೀರು ಮೂರು ಹೆಸರೂ ಹೇಳ್ಬೇಕು ಕಣೆ. ಹೇಗಾದ್ರೂ ಹುಡುಕು."

ಅವರು ಹೋಗಿ ವರ್ಷ ತುಂಬುವ ತಿಥಿಯೇ ಈಗ ಬರುವ ಭಾನುವಾರ.

ದಾರಿ ಸಿಕ್ಕಿದ್ದು ಧೀರಜ್‌ನ ಆಫೀಸಿನ ಫಿಕಾದಲ್ಲಿ, ಅಂದರೆ ಅಲ್ಲಿಯವರ ಕಾಫಿ ಬಿಡುವಿನಲ್ಲಿ. ಕಾಫಿ ಕುಡಿಯುತ್ತ ಮುತ್ತಾತನ ಸುದ್ದಿ ಬಂದಾಗ, ನಿವೃತ್ತಿಯ ಹೊಸ್ತಿಲಲ್ಲಿದ್ದ ಲೀನಾ ಎಂಬ ಸ್ವೀಡಿಷ್ ಹೆಂಗಸು ಕಪ್ಪು ಕೆಳಗಿಟ್ಟಳು. ಹಳೆಯ ಪದಕ ಕೂಡಿಡುವ ಹುಚ್ಚು ಅವಳಿಗೆ. "ಅಂಚು ನೋಡಿದ್ದೀಯಾ? ಆ ಯುದ್ಧಕ್ಕೆ ಇಂಗ್ಲಿಷರು ಲಕ್ಷಗಟ್ಟಲೆ ಪದಕ ಕೊಟ್ಟರು. ಒಂದೊಂದರ ಅಂಚಿನಲ್ಲೂ ಅವನವನ ಹೆಸರು ಒತ್ತಿದ್ದಾರೆ." ಧೀರಜ್ ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿ, ಪದಕದಲ್ಲಿ ಹೆಸರಿದೆಯಂತೆ, ಬರುವಾಗ ತಗೊಂಡು ಬಾ ಎಂದಿದ್ದ.

ಲೀನಾಳ ಮನೆಗೆ ಶನಿವಾರ ಹೋದರು. ಅವಳು ಏಲಕ್ಕಿ ಬನ್ನು ಇಟ್ಟಳು. ನಳಿನಿಯಮ್ಮ ಮುಟ್ಟಲಿಲ್ಲ. "ಮೊದ್ಲು ಹೆಸರು ಓದ್ಲಿ, ಆಮೇಲೆ ಎರಡು ತಿಂತೀನಿ ಅಂತ ಹೇಳೋ."

ಲೀನಾ ದೀಪದ ಕೆಳಗೆ ಭೂತಗನ್ನಡಿ ಹಿಡಿದು ಪದಕವನ್ನು ನಿಧಾನವಾಗಿ ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು. ಮೇಲಿನ ಕೊಂಡಿಯ ಈ ಪಕ್ಕ 'ಸವಾರ್' ಎಂದು ಇಂಗ್ಲಿಷಿನಲ್ಲಿತ್ತು; ಆ ಪಕ್ಕ 'ಮೈಸೂರು ಲ್ಯಾನ್ಸರ್ಸ್'. ನಡುವಿನ ಅಂಚೆಲ್ಲ ಬೆರಳು ಜಾರುವಷ್ಟು ನುಣುಪು. ಅವಳು ಸ್ವೀಡಿಷಿನಲ್ಲಿ ಏನೋ ಹೇಳುತ್ತ, ಹೆಬ್ಬೆಟ್ಟನ್ನು ಮೇಜಿನ ಮೇಲೆ ಗಸಗಸ ಉಜ್ಜಿ ತೋರಿಸಿದಳು.

"ಹಳೇದಲ್ವಾಮ್ಮ, ಸವೆದುಹೋಗಿದೆ ಅಂತಾಳೆ" ಎಂದ ಧೀರಜ್.

"ಸುಳ್ಳು ಹೇಳ್ಬೇಡ. ಯಾರೋ ಉಜ್ಜಿ ಹಾಳ್ಮಾಡಿದ್ದಾರೆ ಅಂದಳು. ಕೈ ನೋಡಿದ್ರೆ ಗೊತ್ತಾಗಲ್ವಾ?"

ನಳಿನಿಯಮ್ಮ ಪದಕವನ್ನು ಕೈಗೆ ತೆಗೆದುಕೊಂಡರು.

"ನಾನೇ ಕಣೋ ಉಜ್ಜಿದ್ದು. ಮದುವೆಯಾಗಿ ಬಂದಾಗ ಅಂಚಲ್ಲೆಲ್ಲ ಗೀರು ಗೀರು, ಒಳಗೆ ಕಪ್ಪು ಕೂತಿತ್ತು. ಕೊಳೆ ಅಂದ್ಕೊಂಡೆ. ಪೂಜೆಗಿಡೋ ಸಾಮಾನು ಹೀಗಿರಬಾರ್ದು ಅನ್ನೋರು ಅತ್ತೆ. ಆಯುಧಪೂಜೆ ಬಂತು ಅಂದ್ರೆ ಹುಣಸೆಹಣ್ಣು, ಪಾತ್ರೆ ಪುಡಿ, ತೆಂಗಿನ ನಾರು... ಗೀರು ಪೂರ್ತಿ ಹೋದ ವರ್ಷ ನಿಮ್ಮಪ್ಪಂಗೆ ತೋರಿಸ್ದೆ. ನೋಡಿ, ಹೆಂಗೆ ಪಳಪಳ ಅಂತಿದೆ ಅಂತ. ಅವರೂ ಶಭಾಷ್ ಅಂದ್ರು."

ಲೀನಾಗೆ ಕನ್ನಡ ತಿಳಿಯದು. ಆದರೂ ಭೂತಗನ್ನಡಿ ಮಡಿಸಿಟ್ಟಳು. ಆ ಪಡೆಯಲ್ಲಿ ಸತ್ತವರ ಹೆಸರುಗಳು ಎಲ್ಲಾದರೂ ಸಿಗಬಹುದು, ಅವರಲ್ಲಿ ನಿಮ್ಮವರು ಯಾರೆಂದು ಹೇಳಲು ಈ ಅಂಚೊಂದೇ ಇತ್ತು ಎಂದಳು. ಈ ಸಲ ಧೀರಜ್ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬನ್ನುಗಳು ತಟ್ಟೆಯಲ್ಲೇ ಉಳಿದವು.

ಬಸ್ಸಿನಲ್ಲಿ ನಳಿನಿಯಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತರು. "ಅಮ್ಮ, ಗೊತ್ತಿಲ್ದೆ ಆಗಿದ್ದಲ್ವಾ" ಎಂದು ಮಗ ಅಂದದ್ದಕ್ಕೆ, "ಗೊತ್ತಿದ್ದಿದ್ರೆ ಯಾರು ಮಾಡ್ತಿದ್ರು?" ಎಂದರು. ಅಷ್ಟೇ.

ಭಾನುವಾರ ಬೆಳಿಗ್ಗೆ ಹೊರಗೆ ಹಿಮ. ಒಳಗೆ ಟ್ಯಾಬ್ಲೆಟ್ಟಿನಲ್ಲಿ ಬೆಂಗಳೂರಿನ ಶಾಸ್ತ್ರಿಗಳು. ಧೀರಜ್ ದರ್ಭೆ ಉಂಗುರ ತೊಟ್ಟು, ಎಳ್ಳು ನೀರು ಮುಂದಿಟ್ಟುಕೊಂಡು ಕೂತ. ಹಿಂದೆ ನಳಿನಿಯಮ್ಮ, ಪಕ್ಕದಲ್ಲಿ ಚಾರ್ವಿ.

"ತಂದೆ ಹೆಸರು ಹೇಳಿ."

ಧೀರಜ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ದನಿ ಬಂತು. "ರಘುನಾಥ."

ಅವನು ತಿರುಗಿ ನೋಡಿದ. 'ಇವರು', 'ನಿಮ್ಮಪ್ಪ', 'ಏನೂಂದ್ರೆ' ಬಿಟ್ಟು ಅಮ್ಮನ ಬಾಯಲ್ಲಿ ಅಪ್ಪನಿಗೆ ಇನ್ನೊಂದು ಹೆಸರನ್ನು ಅವನು ಕೇಳಿರಲಿಲ್ಲ.

"ಏನ್ ನೋಡ್ತೀಯ? ನಾವು ಬಾಯಿ ಮುಚ್ಕೊಂಡು ಹೆಸರು ಕಳೆದದ್ದು ಸಾಕು. ಚಾರ್ವಿ, ನಿಮ್ಮ ತಾತನ ಹೆಸರು ಹೇಳು."

"ರಘುನಾಥ" ಎಂದಳು ಚಾರ್ವಿ, ಸ್ವೀಡಿಷ್ ರಾಗದಲ್ಲಿ. ಅಜ್ಜಿ ಸೆರಗಿನಲ್ಲಿ ಮುಖ ಒತ್ತಿಕೊಂಡರು. ಧೀರಜ್ ತಾನೂ ಹೇಳಿ ನೀರು ಬಿಟ್ಟ. ತನ್ನ ತಾತನ ಹೆಸರು ಯಶವಂತ, ಅದಕ್ಕೂ ಬಿಟ್ಟ.

"ಮುತ್ತಾತ?"

ಧೀರಜ್ ಎತ್ತಿದ ಕೈಯನ್ನು ಕೆಳಗಿಳಿಸಿದ.

"ಗೊತ್ತಿಲ್ದಿದ್ರೆ ಭಗವಂತನ ಹೆಸರಲ್ಲಿ ಬಿಡಬಹುದು, ದೋಷ ಇಲ್ಲ" ಎಂದರು ಶಾಸ್ತ್ರಿಗಳು.

"ದೋಷ ಇಲ್ಲ, ಸರಿ ಸ್ವಾಮಿ" ಎಂದರು ನಳಿನಿಯಮ್ಮ. "ಇದು ತಮಗೇ ಕೊಟ್ಟಿದ್ದು ಅಂತ ಅವರಿಗೆ ಗೊತ್ತಾಗುತ್ತಾ?"

ಶಾಸ್ತ್ರಿಗಳು ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ನೀರು ಬಿಡಪ್ಪ" ಎಂದರು.

ಧೀರಜ್ ಬಿಟ್ಟ.