ಷರತ್ತಿಗಿಂತ ಒಂದು ಗ್ರೇಡ್ ಕಡಿಮೆ

ನನ್ನ ಗಂಡ ಬೀಗ ರಿಪೇರಿ ಮಾಡುವವರು. ಬೀಗದ ಕೈ ಕಳೆದುಕೊಂಡವರು ಕರೆದರೆ ಚೀಲ ಹೆಗಲಿಗೇರಿಸಿಕೊಂಡು ಹೋಗುತ್ತಾರೆ, ಬಾಗಿಲ ಮುಂದೆ ನಿಲ್ಲುತ್ತಾರೆ, ಆದರೆ ಬೀಗಕ್ಕೆ ಕೈ ಹಾಕುವುದಿಲ್ಲ. ಮೊದಲು "ಒಳಗೆ ಕಾಲಿಟ್ಟ ತಕ್ಷಣ ಎಡಗಡೆ ಏನಿದೆ ಹೇಳಿ" ಅನ್ನುತ್ತಾರೆ. ಕನ್ನಡಿ ಇದೆ, ಚಪ್ಪಲಿ ಗೂಡಿದೆ ಅಂತ ಮನೆಯವರು ಹೇಳಬೇಕು. ತೆಗೆದಾಗ ಹೇಳಿದ್ದು ಕಾಣದಿದ್ದರೆ ಮತ್ತೆ ಎಳೆದು ಮುಚ್ಚಿಬಿಡುತ್ತಾರೆ. ಒಮ್ಮೆ ಒಬ್ಬ ಮುದುಕ ಎಡಗಡೆ ಏನಿದೆ ಅಂತ ನೆನಪಾಗದೆ ತನ್ನ ಮನೆ ಮುಂದೆಯೇ ಗೋಳಾಡಿದನಂತೆ. ಪಕ್ಕದ ಮನೆಯಾಕೆ ಬಂದು ಸಾಕ್ಷಿ ಹೇಳುವವರೆಗೂ ಇವರು ಜಗ್ಗಲಿಲ್ಲ. ಕಸುಬಿಗೆ ಅದು ಸರಿಯೇ. ಆದರೆ ಈ ಮನುಷ್ಯ ಅಂಗಡಿ ಮುಚ್ಚಿ ಬರುವಾಗ ಅನುಮಾನವನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ತರುತ್ತಾರೆ, ಅದು ನನ್ನ ಕರ್ಮ. ಹಾಲಿನವನು ಎಂದೂ ಇಲ್ಲದೆ ನಕ್ಕರೆ "ಯಾಕೆ ನಕ್ಕ ಅವನು?" ಅಂತ ಮಧ್ಯಾಹ್ನದವರೆಗೂ ಯೋಚಿಸುತ್ತಾರೆ.

ಇಂಥವರ ಮಗಳು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು ಅಂದರೆ ಮನೆಯ ಸ್ಥಿತಿ ಏನಾಗಿರಬೇಕು, ನೀವೇ ಊಹಿಸಿ.

ನಮಗೆ ಇರುವವಳು ಒಬ್ಬಳೇ. ಗುಬ್ಬಿ ಅಂತ ಕರೆಯುತ್ತೇವೆ. ಅವಳಿಗೆ ಚಿಕ್ಕಂದಿನಿಂದಲೂ ಮೋಡದ ಹುಚ್ಚು. ಬಟ್ಟೆ ಒಣಹಾಕಿ ಬಾ ಅಂತ ಮಹಡಿಗೆ ಕಳಿಸಿದರೆ ಬಕೆಟ್ ಪಕ್ಕಕ್ಕಿಟ್ಟು ಕತ್ತು ಮೇಲೆತ್ತಿ ನಿಂತಿರುತ್ತಿದ್ದಳು. ಹವಾಮಾನವನ್ನೇ ಓದಬೇಕು, ಅದೂ ಸಮುದ್ರದ ದಂಡೆಯ ದೊಡ್ಡ ವಿಶ್ವವಿದ್ಯಾಲಯದಲ್ಲೇ ಓದಬೇಕು ಅಂತ ಪಟ್ಟು ಹಿಡಿದಿದ್ದಳು.

ಅರ್ಜಿಯ ಜೊತೆ ಶಾಲೆಯವರು ಅಂದಾಜು ಗ್ರೇಡ್ ಕಳಿಸುತ್ತಾರೆ. ಪರೀಕ್ಷೆಯಲ್ಲಿ ಇವಳಿಗೆ ಇಷ್ಟು ಬರಬಹುದು ಅಂತ ಮೇಷ್ಟ್ರುಗಳು ಮುಂಚೆಯೇ ಬರೆದುಕೊಡುವುದು. ಇದನ್ನು ಕೇಳಿ ಇವರ ಹುಬ್ಬು ಮೇಲೇರಿತು.

"ಪರೀಕ್ಷೆನೇ ಬರೆದಿಲ್ಲ, ಗ್ರೇಡ್ ಹೇಗೆ ಗೊತ್ತಾಯ್ತು? ಮೇಷ್ಟ್ರು ಕಣಿ ಹೇಳ್ತಾರಾ?"

ಸುಮ್ಮನಿರಲಿಲ್ಲ, ಶಾಲೆಗೇ ಹೋಗಿ ಗಣಿತದ ಮೇಷ್ಟ್ರನ್ನು ಕೇಳಿ ಬಂದರು. "ಎರಡು ವರ್ಷ ಪಾಠ ಮಾಡಿದೀನಿ ಸ್ವಾಮಿ, ಅಷ್ಟು ಗೊತ್ತಾಗಲ್ವಾ?" ಅಂದರಂತೆ ಆ ಪುಣ್ಯಾತ್ಮ. ಗುಬ್ಬಿ ನಾಚಿಕೆಯಿಂದ ಒಂದು ವಾರ ಅವರ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತಳು.

ಆಮೇಲೆ ಸಂದರ್ಶನಕ್ಕೆ ಕರೆದರು, ಹೋಗಿ ಬಂದಳು. ಅದಾದ ಮೇಲೆ ಸೀಟಿನ ಆಹ್ವಾನಗಳು ಬಂದವು. ದೊಡ್ಡ ವಿಶ್ವವಿದ್ಯಾಲಯದ್ದು ಷರತ್ತಿನ ಆಹ್ವಾನ: ಗಣಿತ ಮತ್ತು ಭೌತಶಾಸ್ತ್ರದಲ್ಲಿ ಎ, ರಸಾಯನಶಾಸ್ತ್ರದಲ್ಲಿ ಬಿ ಬಂದರೆ ಸೀಟು ನಿನ್ನದು ಅಂತ. ನಮ್ಮೂರಿನ ವಿಶ್ವವಿದ್ಯಾಲಯ ಮೂರಕ್ಕೂ ಬಿ ಸಾಕು ಅಂದಿತ್ತು. ಒಂದನ್ನು ಮೊದಲ ಆಯ್ಕೆ, ಇನ್ನೊಂದನ್ನು ಎರಡನೆಯ ಆಯ್ಕೆ ಅಂತ ಇಟ್ಟುಕೊಳ್ಳಬಹುದು. ಮೊದಲನೆಯವರು ತೆಗೆದುಕೊಂಡರೆ ಎರಡನೆಯದು ತಾನಾಗಿಯೇ ಬಿದ್ದುಹೋಗುತ್ತದೆ. ಗುಬ್ಬಿ ಸಮುದ್ರದ ಕಡೆಯದನ್ನು ಮೊದಲಿಗಿಟ್ಟಳು.

ಫಲಿತಾಂಶದ ಬೆಳಿಗ್ಗೆ ಮೂವರೂ ಕಂಪ್ಯೂಟರ್ ಮುಂದೆ ಕೂತೆವು. ಭೌತಶಾಸ್ತ್ರ ಎ. ರಸಾಯನಶಾಸ್ತ್ರ ಬಿ. ಗಣಿತವೂ ಬಿ. ಹುಡುಗಿಯ ಮುಖದಲ್ಲಿ ರಕ್ತವೇ ಇಲ್ಲ. ಪ್ರವೇಶದ ಪುಟ ತೆರೆದಳು. "ಅಭಿನಂದನೆಗಳು. ನಿಮ್ಮ ಮೊದಲ ಆಯ್ಕೆಯ ಸೀಟು ಖಚಿತವಾಗಿದೆ" ಎಂದು ಬರೆದಿತ್ತು.

ಗುಬ್ಬಿ ತಿರುಗಿ ನಮ್ಮಿಬ್ಬರ ಮುಖ ನೋಡಿದಳು.

"ಇನ್ನೊಂದ್ಸಲ ನೋಡು" ಅಂದರು ಇವರು.

ಇನ್ನೊಂದು ಸಲ ನೋಡಿದಳು. ಅದೇ ಇತ್ತು. ಇವರು ಕನ್ನಡಕ ಒರೆಸಿಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದರು. ನಾನು "ಒಳ್ಳೇದಾಯ್ತು ಬಿಡು" ಅಂದೆ. ಆದರೆ ಆ ಮಾತು ಗಂಟಲಿಂದ ಬಂದದ್ದು, ಹೊಟ್ಟೆಯಿಂದಲ್ಲ. ಗಣಿತಕ್ಕೆ ಎ ಬೇಕು ಅಂದವರು ಬಿ ಬಂದವಳಿಗೆ ಯಾಕೆ ಕೊಟ್ಟರು?

ಅವತ್ತಿನಿಂದ ಶುರುವಾಯಿತು ನೋಡಿ ಇವರ ಅನುಮಾನ. ಮೊದಲು ಕಂಪ್ಯೂಟರ್ ತಪ್ಪು ಮಾಡಿದೆ ಅಂದರು. ಮಾರನೆಯ ದಿನ, ಇಲ್ಲ, ಇವಳದೇ ಹೆಸರಿನ ಇನ್ನೊಬ್ಬ ಹುಡುಗಿ ಇರಬೇಕು, ಅವಳ ಸೀಟು ಇವಳಿಗೆ ಬಂದುಬಿಟ್ಟಿದೆ ಅಂದರು. ಇದ್ದಾಳೋ ಇಲ್ಲವೋ ಗೊತ್ತಿಲ್ಲದ ಆ ಹುಡುಗಿಯ ಮೇಲೆ ಮರುಕ ಬೇರೆ: "ಪಾಪ, ಅವರ ಮನೇಲಿ ಏನು ಗೋಳೋ." ಅದಾದ ಮೇಲೆ, ಆ ಕೋರ್ಸಿಗೆ ಯಾರೂ ಸೇರುತ್ತಿಲ್ಲ, ಅದಕ್ಕೇ ಸಿಕ್ಕಸಿಕ್ಕವರನ್ನು ಬಾಚಿಕೊಳ್ಳುತ್ತಿದ್ದಾರೆ ಅಂದರು. ಗುಬ್ಬಿ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಒರೆಸುತ್ತಿದ್ದರೆ "ಈಗಲೇ ಯಾಕೆ ತೆಗೆದೆ?" ಎಂದು ಕೇಳಿದರು. ಅವಳು ಒರೆಸುವ ಬಟ್ಟೆಯನ್ನು ಅಲ್ಲೇ ಬಿಟ್ಟು ಎದ್ದುಹೋದಳು.

ನಾನಾದರೂ ನೆಟ್ಟಗಿದ್ದೆನಾ ಅಂದರೆ, ಅದೂ ಇಲ್ಲ. ಇವರ ತಲೆಯ ಹುಳ ನನ್ನ ತಲೆಗೂ ಹೊಕ್ಕಿತು. ಹುಡುಗಿ ಯಾಕೆ ಇಷ್ಟು ಮೌನವಾಗಿದ್ದಾಳೆ? ಸೀಟು ಸಿಕ್ಕಿದವಳು ಕುಣಿಯಬೇಡವಾ? ಊಟಕ್ಕೆ ಕೂತರೆ ತಟ್ಟೆ ಬಿಟ್ಟು ಕಣ್ಣೆತ್ತುವುದಿಲ್ಲ. ನಮ್ಮಿಂದ ಏನಾದರೂ ಮುಚ್ಚಿಡುತ್ತಿದ್ದಾಳಾ? ನಾನು ಲಾಂಡ್ರಿಯಲ್ಲಿ ಕೆಲಸ ಮಾಡುವವಳು, ಜೇಬು ತಡಕದೆ ಬಟ್ಟೆಯನ್ನು ನೀರಿಗೆ ಹಾಕಿದವಳಲ್ಲ. ಒಂದು ದಿನ ಅವಳ ಕೋಟಿನ ಜೇಬಿಗೂ ಕೈ ಹಾಕಿದೆ. ಕರವಸ್ತ್ರ ಮತ್ತು ಮೊಂಡು ಪೆನ್ಸಿಲ್ ಇತ್ತು, ಅಷ್ಟೇ. ಕೋಟನ್ನು ಗೂಟಕ್ಕೆ ಹಾಕಿ ತಿರುಗಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು. "ಒಗೆಯೋಕೆ ಹಾಕೋಣ ಅಂತ" ಅಂದೆ. "ಹೋದ ವಾರ ತಾನೇ ಒಗೆದಿದ್ಯಲ್ಲಮ್ಮ" ಅಂದಳು.

ಯಾರಿಗೂ ಹೇಳಿರಲಿಲ್ಲ. ಇವರ ಅಕ್ಕನಿಗೂ ಹೇಳಿರಲಿಲ್ಲ. ಹೇಳಿ ಆಮೇಲೆ ಸೀಟು ಹೋದರೆ ಆಕೆಯ ಮುಂದೆ ತಲೆ ಎತ್ತುವುದು ಹೇಗೆ? ಎಲ್ಲದರಲ್ಲೂ ಮೂಗು ತೂರಿಸುವ ಹೆಂಗಸು. ಫೋನ್ ರಿಂಗಾದರೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎತ್ತದೆ ಕೂರುತ್ತಿದ್ದೆವು.

ಕೊನೆಗೆ ಒಂದು ಮಧ್ಯಾಹ್ನ ಗುಬ್ಬಿ ಪುಸ್ತಕ ವಾಪಸ್ ಕೊಡಲು ಲೈಬ್ರರಿಗೆ ಹೋಗಿದ್ದಾಗ ಇವರು ಅಂಗಡಿ ಅರ್ಧಕ್ಕೆ ಮುಚ್ಚಿ ಮನೆಗೆ ಬಂದರು. ಕೈಕಾಲು ಕೂಡ ತೊಳೆಯಲಿಲ್ಲ.

"ಫೋನ್ ಮಾಡಿ ಕೇಳ್ತೀನಿ" ಅಂದರು.

"ಏನಂತ ಕೇಳ್ತೀರಿ?"

"ಒಂದು ಗ್ರೇಡ್ ಕಮ್ಮಿ ಇದೆ, ನೋಡಿ ಕೊಟ್ರಾ, ನೋಡದೆ ಕೊಟ್ರಾ ಅಂತ."

ನನಗೆ ಮೈ ಉರಿಯಿತು. "ಸುಮ್ನೆ ಇರೋದನ್ನ ಕೆದಕಬೇಡಿ ರೀ. ನೋಡದೆ ಕೊಟ್ಟಿದ್ರೆ ನೀವೇ ಹೋಗಿ ತೋರಿಸಿಕೊಟ್ಟ ಹಾಗಾಗುತ್ತೆ. ಮಗಳ ಅನ್ನಕ್ಕೆ ನೀವೇ ಕಲ್ಲು ಹಾಕ್ತೀರಾ?"

"ಅವಳು ಪೆಟ್ಟಿಗೆ ಹಿಡ್ಕೊಂಡು ಅಲ್ಲಿ ಹೋಗಿ ನಿಂತ ಮೇಲೆ ‘ತಪ್ಪಾಗಿದೆ, ಹೋಗಮ್ಮ’ ಅಂದ್ರೆ ಏನ್ ಮಾಡ್ತೀಯ? ಈ ಕಡೆ ನಮ್ಮೂರಿನದೂ ಬಿದ್ದುಹೋಗಿದೆ. ಅಷ್ಟು ಜನರ ಮುಂದೆ ನನ್ನ ಮಗಳು ಒಬ್ಬಳೇ ನಿಂತ್ಕೋಬೇಕಾ?"

ಹೇಳುವಾಗ ಅವರ ದನಿ ಒಡೆಯಿತು. ಅದಕ್ಕೆ ನಾನು ಬಾಯಿ ಮುಚ್ಚಿದೆ. ಬಾಯಿ ಮುಚ್ಚಬಾರದಿತ್ತು.

ನನಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು. ಬಹಳ ಹೊತ್ತು ಸಂಗೀತ ಬಂದು ಆಮೇಲೆ ಒಬ್ಬ ಹೆಂಗಸು ಎತ್ತಿದಳು. ಇವರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

"ನೋಡಿ ಮೇಡಂ, ನನ್ನ ಮಗಳಿಗೆ ನೀವು ಸೀಟು ಕೊಟ್ಟಿದೀರಿ. ಆದ್ರೆ ಅವಳಿಗೆ ನೀವು ಕೇಳಿದಷ್ಟು ಬಂದಿಲ್ಲ. ಗಣಿತದಲ್ಲಿ ಒಂದು ಗ್ರೇಡ್ ಕಮ್ಮಿ ಇದೆ. ಎಲ್ಲೋ ತಪ್ಪಾಗಿರ್ಬೇಕು."

"ನೀವು ಅವರ ತಂದೆ ಅಂತ ನಮಗೆ ಹೇಗೆ ಗೊತ್ತಾಗ್ಬೇಕು ಸರ್?" ಅಂದಳು ಆಕೆ, ಬಹಳ ಮರ್ಯಾದೆಯಿಂದಲೇ.

ಇವರು ಕಕ್ಕಾಬಿಕ್ಕಿಯಾದರು. ಜೀವಮಾನವಿಡೀ ತಾವು ಕೇಳಿದ್ದೇ ಹೊರತು ಇವರನ್ನು ಯಾರೂ ಕೇಳಿರಲಿಲ್ಲ. ಆಕೆ ಮಗಳ ಹೆಸರು, ಹುಟ್ಟಿದ ದಿನ ಕೇಳಿದಳು, ಹೇಳಿದರು. ಶಾಲೆಯ ಹೆಸರು ಕೇಳಿದಳು, ಹೇಳಿದರು. "ಕೋರ್ಸಿನ ಪೂರ್ತಿ ಹೆಸರು?" ಅಂದಳು. ಇವರು ನನ್ನ ಕಡೆ ನೋಡಿದರು. "ಹವಾಮಾನ" ಎಂದು ಪಿಸುಗುಟ್ಟಿದೆ. "ಹವಾಮಾನ" ಅಂದರು.

"ಪೂರ್ತಿ ಹೆಸರು ಸರ್."

ನನಗೂ ಗೊತ್ತಿರಲಿಲ್ಲ. ಇವರು ಬೆವರು ಒರೆಸಿಕೊಂಡು "ಮೋಡದ್ದು ಮೇಡಂ" ಅಂದರು.

"ಕ್ಷಮಿಸಿ. ವಿದ್ಯಾರ್ಥಿನೇ ಮಾತಾಡ್ಬೇಕಾಗುತ್ತೆ."

"ವಾಯುಮಂಡಲ ವಿಜ್ಞಾನ" ಎಂಬ ದನಿ ಹಿಂದಿನಿಂದ ಕೇಳಿಸಿತು. ಗುಬ್ಬಿ ಹೊಸ್ತಿಲಲ್ಲಿ ನಿಂತಿದ್ದಳು, ಚೀಲ ಇನ್ನೂ ಹೆಗಲಲ್ಲೇ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ದೇವರೇ ಬಲ್ಲ. ಬಂದು ಫೋನ್ ಕೈಗೆ ತೆಗೆದುಕೊಂಡು ತನ್ನ ಹೆಸರು, ಅರ್ಜಿ ಸಂಖ್ಯೆ ಎಲ್ಲ ಹೇಳಿದಳು.

"ಓ, ನೀವಾ" ಅಂದಳು ಆ ಹೆಂಗಸು. ಕೀಲಿಮಣೆಯ ಟಕಟಕ ಕೇಳಿಸಿತು. "ಫಲಿತಾಂಶದ ದಿನ ನೀವೇ ಫೋನ್ ಮಾಡಿ ಇದನ್ನೇ ಕೇಳಿದ್ರಲ್ಲ? ಇಲ್ಲಿ ಬರೆದಿದೆ. ಏನೂ ಬದಲಾಗಿಲ್ಲಮ್ಮ, ಸೀಟು ನಿಮ್ಮದೇ."

"ಗೊತ್ತು ಮೇಡಂ. ತೊಂದರೆ ಕೊಟ್ವಿ" ಎಂದು ಗುಬ್ಬಿ ಫೋನ್ ಇಟ್ಟಳು.

ಅವಳು ಕಿರುಚಿದ್ದರೆ ಎಷ್ಟೋ ಮೇಲಿತ್ತು. ಕಿರುಚಲಿಲ್ಲ. ಕುರ್ಚಿ ಎಳೆದುಕೊಂಡು, ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ ಹೇಳಿದಳು.

"ಅಪ್ಪ, ಫಲಿತಾಂಶ ನಮಗಿಂತ ಮುಂಚೆ ಅವರ ಕೈಗೆ ಹೋಗಿರುತ್ತೆ. ಅವರು ನೋಡಿಯೇ ಕೊಟ್ಟಿರೋದು. ಷರತ್ತು ಅಂದ್ರೆ, ಅಷ್ಟು ಬಂದ್ರೆ ಅವರು ಕೊಡಲೇಬೇಕು ಅಂತ. ಕಮ್ಮಿ ಬಂದ್ರೆ ಕೊಡಬಾರದು ಅಂತಲ್ಲ. ಆಮೇಲೆ ಅವರಿಷ್ಟ. ನನ್ನ ಸಂದರ್ಶನ ಮಾಡಿದ ಪ್ರೊಫೆಸರು, ಒಂದು ಗ್ರೇಡ್ ಹೋದ್ರೆ ಹೋಗ್ಲಿ, ಈ ಹುಡುಗಿ ಬರ್ಲಿ ಅಂದ್ರಂತೆ."

"ಅಷ್ಟು ಗೊತ್ತಿದ್ದೂ ನಮಗೆ ಯಾಕೆ ಹೇಳ್ಲಿಲ್ಲ?" ಅಂದೆ ನಾನು. ನನ್ನ ಬಾಯಿ ಯಾವಾಗಲೂ ಮುಂದೆ.

"ಹೇಳ್ಬೇಕು ಅಂತಾನೇ ಇದ್ದೆ ಅಮ್ಮ. ಅವತ್ತು ನಂಗೂ ನಂಬಿಕೆ ಬರ್ಲಿಲ್ಲ, ಅದಕ್ಕೇ ಕೇಳ್ದೆ. ನಾನು ನಂಬದೇ ಇದ್ರೆ ಸರಿ, ನನ್ನ ಗಣಿತ ನಂಗೆ ಗೊತ್ತು. ಆದ್ರೆ ನೀವಿಬ್ರೂ..." ಹೆಗಲ ಚೀಲವನ್ನು ಕೆಳಗಿಟ್ಟಳು. "ಕೇಳದೆ ಒಂದ್ಸಲ ಖುಷಿ ಪಡ್ತೀರೇನೋ ಅಂತ ಕಾಯ್ತಿದ್ದೆ. ನನ್ನನ್ನ ಯಾರೋ ಬೇಕು ಅಂದಿದ್ದಾರೆ ಅಂದ್ರೆ ಈ ಮನೇಲಿ ಮಾತ್ರ ಯಾರಿಗೂ ನಂಬೋಕೆ ಆಗ್ತಿಲ್ಲ. ಅಪ್ಪ ಕಂಪ್ಯೂಟರ್ ತಪ್ಪು ಅಂತಾರೆ, ನೀನು ನನ್ನ ಜೇಬು ನೋಡ್ತೀಯ."

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅವಳು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನೀರು ಕುಡಿದಳು.

ಅಷ್ಟರಲ್ಲೇ ಫೋನ್ ರಿಂಗಾಯಿತು. ಯೂನಿವರ್ಸಿಟಿಯವರು ಮನಸ್ಸು ಬದಲಿಸಿದರೇನೋ ಎಂದು ಇವರು ಗಾಬರಿಯಿಂದ ಎತ್ತಿದರು. ಸ್ಪೀಕರ್ ಹಾಗೇ ಇತ್ತು. ಮಾತಾಡಿದ್ದು ಇವರ ಅಕ್ಕ.

"ಏನೋ, ಗುಬ್ಬಿಗೆ ಸೀಟು ಸಿಕ್ಕಿ ವಾರವಾಯ್ತಂತೆ, ನಮಗೊಂದು ಮಾತಿಲ್ಲ. ಅವಳ ಜೊತೆ ಓದಿದ ಹುಡುಗಿ ನಮ್ಮ ಬೀದೀಲೇ ಇರೋದು, ಅವಳಿಂದ ಕೇಳ್ಬೇಕಾಯ್ತು." ಉಸಿರು ತೆಗೆದುಕೊಂಡು ಮುಂದುವರಿಸಿದರು, "ಅದಿರ್ಲಿ, ಗಣಿತದಲ್ಲಿ ಬಿ ಅಂತಲ್ಲೋ. ಹಾಗಿದ್ರೆ ಅದು ಹೇಗೆ ಸಿಕ್ತು? ಏನೋ ಎಡವಟ್ಟಾಗಿರುತ್ತೆ. ನೀನು ಸರಿಯಾಗಿ ವಿಚಾರಿಸಿದ್ಯಾ?"

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಇವರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ವಿಚಾರಿಸೋದು ಏನಿದೆ ಅಕ್ಕ? ಅವರಿಗೆ ನಮ್ಮ ಹುಡುಗಿ ಬೇಕು ಅನ್ನಿಸ್ತು, ತಗೊಂಡ್ರು."

"ಅಲ್ವೋ, ನಿಂಗೆ ಯಾರು ಹೇಳಿದ್ದು?"

"ಗುಬ್ಬಿ ಹೇಳಿದ್ಲು. ಸಾಕು."

ಆಚೆಯಿಂದ ಅಕ್ಕ ಇನ್ನೂ ಏನೇನೋ ಕೇಳುತ್ತಿದ್ದರು. ಇವರು ಹ್ಞೂಂ ಅನ್ನುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದರು. ಗುಬ್ಬಿ ಒದ್ದೆ ಕೈಯಲ್ಲೇ ಹೊರಗೆ ಬಂದಳು, ಅಪ್ಪನ ಪಕ್ಕದಲ್ಲಿ ಹೋಗಿ ಕೂತಳು.