ಚಹಾದ ನೆಪ

"ಇನ್ನೊಂದು ಲೋಟ ಚಹಾ ಕೊಡು," ಎನ್ನುತ್ತ ಗಂಡ ಹೊಳೆಯಿಂದ ಮೇಲೆ ಬಂದಾಗ ಅವಳು ಕೆಟಲಿಗೆ ಕೈ ಹಾಕಲಿಲ್ಲ. ಶಾಲಿನ ಅಡಿಯಿಂದ ಸಣ್ಣ ಕತ್ತರಿ ತೆಗೆದಳು. ಅವನು ನೀರಿಗೆ ಬೆನ್ನು ಮಾಡಿ ಅವಳೆದುರು ಕುಕ್ಕರುಗಾಲಲ್ಲಿ ಕೂತು, ಗಾಳದ ಕೋಲನ್ನು ಭುಜಕ್ಕೆ ಆನಿಸಿ, ದಾರದ ತುದಿಯನ್ನು ಅವಳ ಮಡಿಲಿಗೆ ಹಾಕಿದ. ಆಮೇಲೆ ಖಾಲಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ತುಟಿಗೆ ಹಚ್ಚಿಕೊಂಡ. ದೂರದಿಂದ ನೋಡಿದವರಿಗೆ ಗಂಡ ಹೆಂಡತಿ ಚಳಿಗೆ ಚಹಾ ಕುಡಿಯುತ್ತ ಎರಡು ಮಾತಾಡಿಕೊಳ್ಳುತ್ತಿದ್ದಾರೆ ಅನ್ನಿಸಬೇಕು, ಅಷ್ಟೇ.

"ಯಾವುದು ಕಟ್ಟಲಿ?"

"ಆ ಕಪ್ಪು ಬಣ್ಣದ್ದು ಇದೆಯಲ್ಲ, ತೀರಾ ಚಿಕ್ಕದು. ಈ ಚಳೀಲಿ ಮೀನು ತಳ ಹಿಡಿದು ಮಲಗಿರತ್ತೆ. ದೊಡ್ಡದನ್ನ ಅಟ್ಟಿಸ್ಕೊಂಡು ಬರೋ ಹುಮ್ಮಸ್ಸು ಅದಕ್ಕಿರಲ್ಲ. ಬಾಯಿ ಹತ್ರಾನೇ ಹೋದ್ರೆ ತಿನ್ನತ್ತೆ."

ಕೊಕ್ಕೆಗೆ ದಾರ, ಗರಿ ಸುತ್ತಿ ಹುಳದಂತೆ ಕಾಣಿಸುವ ಹಾಗೆ ಮಾಡಿದ್ದನ್ನು ಈ ಕಸುಬಿನವರು ನೊಣ ಅನ್ನುತ್ತಾರೆ. ಅವಳು ಡಬ್ಬಿಯಿಂದ ಆರಿಸಿದ ನೊಣ ಎಳ್ಳುಕಾಳಿಗಿಂತ ತುಸು ದೊಡ್ಡದು. ಅದರ ಕಣ್ಣಿಗೆ ಕೂದಲಿನಷ್ಟು ತೆಳ್ಳಗಿನ ಎಳೆ ಪೋಣಿಸಿ, ಸುತ್ತು ಹಾಕಿ, ಬಿಗಿಯುವ ಮೊದಲು ಗಂಟನ್ನು ತುಟಿಗೊತ್ತಿ ಉಗುಳಿನಿಂದ ಒದ್ದೆ ಮಾಡಿದಳು. ಒಣಗಂಟು ಬಿಗಿದರೆ ಎಳೆ ಕಾದು ಸೊರಗುತ್ತದೆ, ಮೀನು ಒಮ್ಮೆ ಜಗ್ಗಿದರೆ ಕಿತ್ತುಬರುತ್ತದೆ ಎಂದು ಹೇಳಿಕೊಟ್ಟವನು ಗಂಡನೇ. ಮದುವೆಯಾದ ಹೊಸದರಲ್ಲಿ ಅವಳು ಅದನ್ನೆಲ್ಲ ತಮಾಷೆಗೆ ಕಲಿತಿದ್ದಳು. ಈಗ ಮನೆಯ ಮಾನ ಅದರ ಮೇಲೆ ನಿಂತಿತ್ತು.

ಹೊಳೆಯಂಚಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ಕಾಯುತ್ತಿದ್ದವರು ಗಂಡ ಇವತ್ತು ಗಾಳ ಕಲಿಸಲು ಕರೆತಂದಿದ್ದ ಗಿರಾಕಿ, ಒಬ್ಬ ದಂತವೈದ್ಯೆ. ಗಾಳ ಹಿಡಿದದ್ದು ಇದೇ ಮೊದಲು. ಬೆಳಿಗ್ಗೆ ಬಂದಾಗ ಚಳಿಗೆ ಹೆದರಿ ಇದ್ದಬದ್ದ ಕಾಲುಚೀಲವನ್ನೆಲ್ಲ ಒಂದರ ಮೇಲೊಂದು ಏರಿಸಿಕೊಂಡು, ಬೂಟು ಹಾಕಲಾಗದೆ ಒದ್ದಾಡುತ್ತಿದ್ದರು. ಗಂಡ ನಗದೆ ಎಲ್ಲವನ್ನೂ ಬಿಚ್ಚಿಸಿದ್ದ. ದಪ್ಪ ಉಣ್ಣೆಯದು ಒಂದೇ ಜೊತೆ ಸಾಕು, ಬೂಟಿನೊಳಗೆ ಬೆರಳು ಆಡಬೇಕು, ಬಿಗಿಯಾದರೆ ರಕ್ತ ಓಡುವುದಿಲ್ಲ, ರಕ್ತ ಓಡದಿದ್ದರೆ ಕಂಬಳಿ ಸುತ್ತಿದರೂ ಕಾಲು ಬೆಚ್ಚಗಾಗದು ಎಂದಿದ್ದ. ಹತ್ತಿಯ ಬನಿಯನ್ನನ್ನೂ ಬದಲಿಸಲು ಹೇಳಿದ್ದ: ಹತ್ತಿ ಒಮ್ಮೆ ಬೆವರು ಕುಡಿದರೆ ಸಂಜೆಯವರೆಗೂ ಮೈಗೆ ಅಂಟಿಕೊಂಡು ಶಾಖ ಹೀರುತ್ತದೆ. ಡಾಕ್ಟರು ಶಾಲೆಯ ಮಗುವಿನ ಹಾಗೆ ತಲೆಯಾಡಿಸುತ್ತ ಕೇಳಿದ್ದರು. ಎದೆಯವರೆಗೆ ಬರುವ ರಬ್ಬರ್ ಉಡುಪು ತೊಟ್ಟ ಮೇಲೆ, ಸೊಂಟದ ಬೆಲ್ಟನ್ನು ಬಿಗಿ ಮಾಡಲು ಗಂಡ ಹೆಂಡತಿಗೆ ಸನ್ನೆ ಮಾಡಿದ. ಹೆಂಗಸರಿಗೆ ಹೆಂಗಸರೇ ಬೆಲ್ಟು ಕಟ್ಟುವುದು ಮರ್ಯಾದೆ ಎಂದು ಡಾಕ್ಟರು ತಿಳಿದುಕೊಂಡರು, ಪುಣ್ಯ.

"ನಿಮ್ಮ ಯಜಮಾನರಿಗೆ ಚಹಾ ಅಂದ್ರೆ ಪ್ರಾಣ ಅಂತ ಕಾಣತ್ತೆ," ಎಂದು ಅವರು ಆಗಲೇ ಒಮ್ಮೆ ನಕ್ಕಿದ್ದರು. ಮನೆಯಲ್ಲಿ ಅವನು ಚಹಾ ಮೂಸಿಯೂ ನೋಡುವವನಲ್ಲ. ಎದೆ ಉರಿಯುತ್ತದೆ ಅನ್ನುತ್ತಾನೆ.

ಹೋದ ಚಳಿಗಾಲದಲ್ಲಿ ಅವನು ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲೇ ಎತ್ತಿ ನಿಧಾನವಾಗಿ ಮೇಜಿನ ಮೇಲಿಟ್ಟಿದ್ದ. ಬೊಬ್ಬೆ ಎದ್ದದ್ದನ್ನು ಮೊದಲು ಕಂಡವಳು ಅವಳು. ವರ್ಷಗಟ್ಟಲೆ ತಣ್ಣೀರಿನಲ್ಲಿ ಕೈಯಾಡಿಸಿದವರಿಗೆ ಹೀಗೂ ಆಗುವುದುಂಟು, ನರ ಸತ್ತಿದೆ, ತಿರುಗಿ ಬರುವ ಆಸೆ ಬೇಡ ಎಂದು ನರರೋಗದ ವೈದ್ಯರು ಹೇಳಿದರು. ಬೆರಳು ಮಡಚುತ್ತಿದ್ದವು, ಬಿಚ್ಚುತ್ತಿದ್ದವು. ಏನು ಮುಟ್ಟಿದ್ದೇವೆ ಎಂಬ ಸುದ್ದಿಯನ್ನು ಮಾತ್ರ ತಲೆಗೆ ತಲುಪಿಸುತ್ತಿರಲಿಲ್ಲ. ಬೇಸಿಗೆಯಲ್ಲಿ ಹೇಗೋ ನಡೆಯಿತು. ಮನೆಯಲ್ಲೇ ಅವಳು ಒಂದಷ್ಟು ನೊಣ ಕಟ್ಟಿ ಕೊಟ್ಟರೆ ದಿನ ಸಾಗುತ್ತಿತ್ತು. ಚಳಿಗಾಲದ ನೊಣ ಚಿಕ್ಕದು, ಎಳೆ ತೆಳ್ಳಗೆ, ಕಲ್ಲಿಗೆ ಸಿಕ್ಕಿ ಕಿತ್ತುಹೋಗುವುದು ಜಾಸ್ತಿ. ಹಾಗಾಗಿ ಈ ಸಲ ಅವಳು ಕೆಟಲು, ಒಲೆ ಹೊತ್ತುಕೊಂಡು ಹೊಳೆಗೇ ಬರಬೇಕಾಯಿತು.

ಗಾಳದ ಅಂಗಡಿ, ಅದರ ಹಿಂದಿನ ಅತಿಥಿಗಳ ಕೋಣೆಗಳು, ಗೈಡುಗಳ ಕೆಲಸ ಎಲ್ಲವೂ ಅವಳ ಅಣ್ಣನದು. ಮೈಯಲ್ಲಿ ಊನ ಬಂದವನನ್ನು ನೀರಿಗೆ ಇಳಿಸುವುದಿಲ್ಲ ಎಂಬುದು ಅವನ ಕಟ್ಟಪ್ಪಣೆ. ಗಿರಾಕಿ ಜಾರಿದರೆ ಹಿಡಿಯಬೇಕಾದವನು ಗೈಡ್ ತಾನೆ. ಮಂಡಿ ಕೆಟ್ಟ ಹಳೆಯ ಗೈಡ್ ಒಬ್ಬ ಈಗ ಅಂಗಡಿಯ ಗಲ್ಲಾದ ಹಿಂದೆ ನಿಂತು ಕೈಗವಸು, ಕಾಲುಚೀಲ ಮಾರುತ್ತಾನೆ. ಗಂಡ ಅವನನ್ನು ಕಾಲುಚೀಲದ ಮಂತ್ರಿ ಎಂದು ಆಡಿಕೊಂಡು ನಗುತ್ತಿದ್ದ. ವೈದ್ಯರ ಮಾತು ಕೇಳಿ ಬಂದ ಮೇಲೆ ಆ ತಮಾಷೆ ನಿಂತುಹೋಗಿತ್ತು. ಹೊಳೆ ಬಿಟ್ಟರೆ ತಾನು ಏನೂ ಅಲ್ಲ ಎಂದು ಅವನು ಬಾಯಿಬಿಟ್ಟು ಹೇಳಿದವನಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ, ಅವಳಿಗೆ ಗೊತ್ತಿತ್ತು, ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಕಪ್ಪು ನೊಣ ಕಟ್ಟಿಸಿಕೊಂಡು ಹೋದ ಗಂಡ ಡಾಕ್ಟರನ್ನು ಸ್ವಲ್ಪ ಆಳಕ್ಕೆ ಕರೆದುಕೊಂಡು ಹೋದ. ಪಾದ ಎತ್ತಿ ಇಡಬೇಡಿ, ಜಾರಿಸುತ್ತ ಬನ್ನಿ ಎನ್ನುವುದು ಅವಳಿಗೂ ಕೇಳಿಸಿತು. ದಾರ ಗಾಳಿಯಲ್ಲಿ ಬಳುಕಿ ನೀರಿನ ಮೇಲೆ ಬಿತ್ತು. ಡಾಕ್ಟರ ಕೈ ಹದಕ್ಕೆ ಬರುತ್ತಿತ್ತು. ಇನ್ನೊಂದು ಹೆಜ್ಜೆ ಮುಂದಿಟ್ಟರು, ಕಾಲಡಿಯ ಕಲ್ಲು ಹೊರಳಿತು.

ಗಂಡ ಚುರುಕಾಗಿಯೇ ಇದ್ದ. ಅವರ ಬೆನ್ನ ಮೇಲಿನ ಉಡುಪಿನ ಪಟ್ಟಿಯನ್ನು ಗಪ್ಪನೆ ಹಿಡಿದ. ಹಿಡಿದದ್ದನ್ನು ಅವಳು ಕಣ್ಣಾರೆ ಕಂಡಳು. ಆದರೆ ಹಿಡಿದ ಮೇಲೆ ಅವನು ನೋಡಿದ್ದು ಡಾಕ್ಟರನ್ನಲ್ಲ, ತನ್ನ ಕೈಯನ್ನು. ಪಟ್ಟಿ ಕೈಯಲ್ಲಿದೆಯೇ ಎಂದು ನೋಡುತ್ತಿದ್ದ. ಅವನು ನೋಡುತ್ತಿದ್ದಂತೆಯೇ ಅದು ಬೆರಳ ಸಂದಿನಿಂದ ನುಣುಚಿಕೊಂಡಿತು.

ಹೊಳೆ ಡಾಕ್ಟರನ್ನು ಮಗುಚಿ, ತೇಲಿಸಿಕೊಂಡು ಹೋಗಿ, ಕೆಳಗಿನ ಜಲ್ಲಿದಿಬ್ಬದ ಮೇಲೆ ಕುಳ್ಳಿರಿಸಿತು. ಬೆಲ್ಟು ಬಿಗಿಯಾಗಿದ್ದುದರಿಂದ ಉಡುಪಿನ ಕಾಲುಗಳಲ್ಲಿ ನೀರು ತುಂಬಲಿಲ್ಲ. ತುಂಬಿದ್ದರೆ ತೇಲುವ ಮಾತಿರಲಿಲ್ಲ. ಗಂಡ ಬಿದ್ದು ಎದ್ದು ಹಿಂದೆಯೇ ಹೋಗಿ, ಮೊಣಕೈಗಳನ್ನು ಅವರ ಕಂಕುಳಿಗೆ ಕೊಟ್ಟು ಎತ್ತಿದ. ಅವಳು ಓಡಿಹೋಗಿ ಶಾಲು ಹೊದಿಸಿದಳು. ಡಾಕ್ಟರು ಹಲ್ಲು ಕಟಕಟ ಎನ್ನಿಸುತ್ತಲೇ ನಕ್ಕು, ಗಾಳದ ಕೋಲು ಎಲ್ಲಿ ಹೋಯಿತು ಎಂದು ಕೇಳಿದರು.

ಗಂಡ ಯಾವಾಗಲೂ ಒಂದು ಚೀಲದಲ್ಲಿ ಒಣಬಟ್ಟೆ ಇಟ್ಟುಕೊಂಡೇ ಬರುತ್ತಿದ್ದ. ದಡದ ಗುಡಿಸಲಿನಲ್ಲಿ ಬಟ್ಟೆ ಬದಲಿಸಿ, ಬೆಂಕಿ ಕಾಯಿಸಿಕೊಂಡು ಅಂಗಡಿಗೆ ಮರಳಿದಾಗ, ಡಾಕ್ಟರು ಅವಳ ಅಣ್ಣನ ಮುಂದೆ ಎಲ್ಲವನ್ನೂ ತಾವೇ ವರ್ಣಿಸಿದರು. ತಮ್ಮದೇ ದುಡುಕು, ಇವರು ಹಿಡಿಯಲು ಬಂದರು, ತಾವೇ ಕೊಸರಿಕೊಂಡದ್ದು ಎಂದರು. ಇಂಥ ಗುರು ಸಿಗಬೇಕಾದರೆ ಪುಣ್ಯ ಮಾಡಿರಬೇಕು, ನಾಳೆಯೂ ಇವರೇ ಬೇಕು ಎಂದರು. ಅಣ್ಣನ ಮುಖ ಅರಳಿತು. "ನಮ್ಮ ಭಾವ ಅಂದ್ರೆ ಸುಮ್ನೇನಾ," ಎಂದ. ಭಾವ ಎಂದೇ ಇಬ್ಬರೂ ಒಬ್ಬರನ್ನೊಬ್ಬರು ಕರೆಯುತ್ತಿದ್ದುದು. ಒಬ್ಬ ಯಜಮಾನ, ಇನ್ನೊಬ್ಬ ಆಳು ಎಂದು ಹೊರಗಿನವರಿಗೆ ತಿಳಿಯುತ್ತಲೇ ಇರಲಿಲ್ಲ. ಗಂಡ ನೆಲ ನೋಡುತ್ತ ನಿಂತಿದ್ದ.

ಸಂಜೆ ಮನೆಯಲ್ಲಿ ಅವಳು ಪಲ್ಯಕ್ಕೆ ಹೆಚ್ಚುತ್ತಿದ್ದಳು. ಅವನು ಜಲ್ಲಿದಿಬ್ಬದ ಹತ್ತಿರ ಸಿಕ್ಕಿದ ಕೋಲಿನ ಒದ್ದೆ ದಾರವನ್ನು ರಾಟೆಯಿಂದ ಬಿಚ್ಚಿ ಕುರ್ಚಿಯ ಬೆನ್ನಿಗೆ ಒಣಹಾಕುತ್ತಿದ್ದ. ಕೋಲಿನ ಉಂಗುರಗಳಿಗೆ ಮಂಜುಗಡ್ಡೆ ಕಟ್ಟದ ಹಾಗೆ ಅವಕ್ಕೆ ಏನೋ ಜಿಡ್ಡು ಸವರಬೇಕೆಂದು ಹೇಳಿದ.

"ಪಟ್ಟಿ ಕೈಗೆ ಸಿಕ್ಕಿತ್ತು ಅಲ್ವಾ?" ಎಂದಳು.

"ಸಿಕ್ಕಿತ್ತು."

"ಮತ್ತೆ?"

ಅವನು ದಾರ ಬಿಚ್ಚುವುದನ್ನು ನಿಲ್ಲಿಸಲಿಲ್ಲ. ಏನಾಯಿತೀಗ, ಅವರೇ ತಮ್ಮ ತಪ್ಪು ಅಂತ ಹೇಳಿದರಲ್ಲ, ನಾಳೆ ಆಳಕ್ಕೆ ಹೋಗದಿದ್ದರಾಯಿತು, ಎಂದು ಗೋಡೆಗೆ ಹೇಳುವವನ ಹಾಗೆ ಹೇಳಿದ. ಅವಳಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ. ಇಷ್ಟು ದಿನ ತಾನು ಗಂಡನ ಮಾನ ಕಾಯುತ್ತಿದ್ದೇನೆ ಅಂದುಕೊಂಡಿದ್ದಳು. ನೀರಿನಲ್ಲಿ ಬೇರೆಯವರ ಜೀವ ಇದೆ ಎಂಬುದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ. ಬೆಲ್ಟು ಸಡಿಲವಿದ್ದಿದ್ದರೆ ಎಂದು ಮನಸ್ಸು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು.

"ನಾಳೆ ನೀವು ಅಣ್ಣಂಗೆ ಹೇಳಿ," ಎಂದಳು. "ನೀವು ಹೇಳದಿದ್ರೆ ನಾನು ಹೇಳ್ತೀನಿ."

"ಹೇಳು. ಹೇಳಿ ನನ್ನನ್ನ ಆ ಗಲ್ಲಾದ ಹಿಂದೆ ನಿಲ್ಲಿಸು."

"ನಿಲ್ಲಿಸ್ತೀನಿ."

ಊಟಕ್ಕೆ ಕೂತಾಗ ಅವನು ತಟ್ಟೆ ಬಿಟ್ಟು ಬೇರೆ ಕಡೆ ನೋಡಲಿಲ್ಲ. ಅವನು ಚಮಚವನ್ನು ಕಣ್ಣಿನಿಂದಲೇ ಹಿಡಿಯುತ್ತಾನೆ, ಕಣ್ಣು ತೆಗೆದರೆ ಅದು ಬಿದ್ದುಹೋಗುತ್ತದೆ ಎಂಬುದು ಆಗ ಅವಳ ಗಮನಕ್ಕೆ ಬಂತು. ಇಷ್ಟು ದಿನ ಅದನ್ನು ಸಿಡುಕು ಎಂದುಕೊಂಡಿದ್ದಳು.

ಮರುದಿನ ಹಿಮ ಬಿದ್ದಿತ್ತು. ಮೇಲಿನ ಮಡುವಿನಲ್ಲಿ ಮಂಜುಗಡ್ಡೆ ಕಟ್ಟಿದೆಯೋ ನೋಡಬೇಕು ಎಂದು ಅಣ್ಣನೂ ಎದೆಮಟ್ಟದ ಉಡುಪು ತೊಟ್ಟು ಅವರ ಜೊತೆಗೇ ಹೊರಟ. ದಾರಿಯುದ್ದಕ್ಕೂ ಗಂಡ ಎಂದಿಗಿಂತ ಹೆಚ್ಚು ಮಾತಾಡಿದ. ಮೀನು ಸಿಕ್ಕರೆ ಅದನ್ನು ನೀರಿನಿಂದ ಮೇಲೆತ್ತಬೇಡಿ, ಈ ಗಾಳಿಗೆ ಅದರ ಕಿವಿರು ಕ್ಷಣದಲ್ಲಿ ಹೆಪ್ಪುಗಟ್ಟುತ್ತದೆ. ಉಣ್ಣೆಯ ಕೈಗವಸಿನಲ್ಲಿ ಮುಟ್ಟಬೇಡಿ, ಮೈಯ ಲೋಳೆ ಕಿತ್ತುಬಂದರೆ ಬಿಟ್ಟ ಮೇಲೂ ಬದುಕುವುದಿಲ್ಲ. ಕೈ ಒದ್ದೆ ಮಾಡಿಕೊಂಡೇ ಹಿಡಿಯಿರಿ. ಡಾಕ್ಟರು ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದರು. ಹಿಂದೆ ಬರುತ್ತಿದ್ದ ಅವಳಿಗೆ ಇದಾವುದೂ ಕಿವಿಗೆ ಹೋಗಲಿಲ್ಲ. ಅಣ್ಣನಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದಳು. ಎಷ್ಟು ಜೋಡಿಸಿದರೂ ಅದು ಚಾಡಿಯ ಹಾಗೇ ಕೇಳಿಸುತ್ತಿತ್ತು.

ದಡದಲ್ಲಿ ನಿಂತರು. ಡಾಕ್ಟರು ಹೊಳೆಯನ್ನು ಒಮ್ಮೆ ನೋಡಿ, ನಿನ್ನೆಯದು ನೆನಪಾಗಿರಬೇಕು, ತುಸು ಅಳುಕಿದರು. ಆಮೇಲೆ ಗಂಡನ ಕಡೆ ಕೈ ಚಾಚಿದರು.

ಅವಳು ಬಾಯಿ ತೆರೆದಳು.

ಗಂಡ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿದ. "ಭಾವ," ಎಂದ, "ಇವರ ಕೈ ನೀವು ಹಿಡ್ಕೊಳ್ಳಿ."

"ಯಾಕೆ, ನೀವು?"

"ನನಗೆ ಹಿಡ್ಕೊಂಡಿದೀನೋ ಇಲ್ವೋ ಅನ್ನೋದು ಗೊತ್ತಾಗಲ್ಲ."

ಅಣ್ಣ ಮೊದಲು ನಗಲು ಹೋದ. ಭಾವನ ಮುಖ ನೋಡಿದ, ತಂಗಿಯ ಮುಖ ನೋಡಿದ. ಎಷ್ಟು ದಿನದಿಂದ ಎಂದು ಕೇಳುವವನಿದ್ದ. ಡಾಕ್ಟರ ಕೈ ಇನ್ನೂ ಚಾಚಿಯೇ ಇದ್ದುದರಿಂದ ಕೇಳಲಿಲ್ಲ. ಕೈಯಿಂದ ಬದುಕುವ ಡಾಕ್ಟರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಣ್ಣ ಮುಂದೆ ಬಂದು ಆ ಕೈ ಹಿಡಿದುಕೊಂಡ. ಇಬ್ಬರೂ ನೀರಿಗಿಳಿದರು.

"ಎಡಕ್ಕೆ ಹೋಗ್ಬೇಡಿ," ಎಂದು ಗಂಡ ದಡದಿಂದ ಕೂಗಿದ. "ಅಲ್ಲಿ ಗುಂಡಿ ಇದೆ. ಬಲಕ್ಕೆ, ಬಲಕ್ಕೆ." ಅವರು ಬಲಕ್ಕೆ ಸರಿದರು. ಆಮೇಲೆ ನೀರಿನ ಸದ್ದಿಗೆ ಅವನ ಮಾತು ಅವರಿಗೆ ಕೇಳಿಸದಾಯಿತು. ಆದರೂ ಅವನು ಸ್ವಲ್ಪ ಹೊತ್ತು ಹೇಳುತ್ತಲೇ ಇದ್ದ.

ಅವನು ಅವಳ ಕಡೆ ಬರಲು ತಿರುಗಿದ, ಎಡವಿದ. ನೀರಿಗೆಂದು ಮಾಡಿದ ಬೂಟು, ಅದರ ಅಡಿಯಲ್ಲಿ ಕಂಬಳಿಯಂಥ ಉಣ್ಣೆಯ ಹಾಸು. ನೀರಿಗಿಳಿಯದೆ ಹಿಮದಲ್ಲೇ ನಡೆದು ನಿಂತದ್ದರಿಂದ ಅದರ ತಳಕ್ಕೆ ಹಿಮ ಗಟ್ಟಿಯಾಗಿ ಮೆತ್ತಿ ನಾಲ್ಕು ಬೆರಳಷ್ಟು ದಪ್ಪವಾಗಿತ್ತು. ಅವಳು ಒಂದು ಕಲ್ಲು ಹೆಕ್ಕಿಕೊಂಡು ಅವನ ಮುಂದೆ ಮಂಡಿಯೂರಿ ಕೂತಳು.

"ಕಾಲು ಎತ್ತಿ," ಎಂದಳು.

ಅವನು ಒಂದು ಕಾಲೆತ್ತಿ, ಬೀಳದ ಹಾಗೆ ಅವಳ ಹೆಗಲ ಮೇಲೆ ಕೈಯಿಟ್ಟ. ಅವಳು ಹಿಮವನ್ನು ತಟ್ಟಿ ತಟ್ಟಿ ಉದುರಿಸತೊಡಗಿದಳು. ಅವನು ಬಗ್ಗಿ, ಕೈ ಅವಳ ಹೆಗಲ ಮೇಲೇ ಇದೆಯೇ ಎಂದು ನೋಡಿಕೊಂಡ.