ಸುಧಾಮಣಿಯ ಅಳತೆ

ಪರದೇಶದ ಬಾಸ್ಕಿಂಗ್ ರಿಡ್ಜ್ ಊರಿನ ಸೈಕಲ್ ಅಂಗಡಿಯಲ್ಲಿ, ನೆಲಕ್ಕೆ ಬಿಗಿದಿದ್ದ ಅಳತೆಯ ಸೈಕಲ್ ಮೇಲೆ ಕೂತಿದ್ದ ಸುಧಾಮಣಿಗೆ ತಲೆಬುಡ ಅರ್ಥವಾಗಲಿಲ್ಲ. ಎಷ್ಟು ತುಳಿದರೂ ಸೈಕಲ್ ಇದ್ದಲ್ಲೇ ಇತ್ತು. ಅವಳ ಮೊಣಕಾಲು, ಸೊಂಟ, ಭುಜಕ್ಕೆಲ್ಲ ಚುಕ್ಕಿ ಅಂಟಿಸಿ, ಅವು ಹೇಗೆ ಆಡುತ್ತವೆಂದು ಕಂಪ್ಯೂಟರಿನಲ್ಲಿ ನೋಡುತ್ತಿದ್ದ ಅಂಗಡಿಯ ಟೋನಿ, ಘಳಿಗೆಗೊಮ್ಮೆ ಬಂದು ಅದೇ ಪ್ರಶ್ನೆ ಕೇಳುತ್ತಿದ್ದ. ಎಲ್ಲಾದರೂ ನೋಯುತ್ತಿದೆಯೇ?

"ನೋ, ನೋ, ಫೈನ್," ಎನ್ನುತ್ತಿದ್ದಳು ಸುಧಾಮಣಿ.

ನೋಯುತ್ತಿತ್ತು. ಕತ್ತು ಹಿಡಿದುಕೊಂಡಿತ್ತು, ಅಂಗೈ ಜೋಮು ಹಿಡಿದಿತ್ತು. ಆದರೆ ಕೇಳಿದ ತಕ್ಷಣ ನೋವು ತೋಡಿಕೊಂಡರೆ ಎದುರಿಗಿದ್ದವರು ಏನಂದುಕೊಂಡಾರು? ಅಕ್ಕನ ಲಂಗ, ಅಣ್ಣನ ಸೈಕಲ್, ಮದುವೆಯಾದ ಮೇಲೆ ಸೋಪು ಹಚ್ಚಿ ತೂರಿಸಿಕೊಂಡ ಅತ್ತೆಯ ಬಳೆ, ಎಲ್ಲಕ್ಕೂ ಒಗ್ಗಿಕೊಂಡು ಬಂದವಳು ಅವಳು. ಮೈಸೂರಿನಲ್ಲಿ ಅಣ್ಣನ ಸೈಕಲ್ಲಿನ ಸೀಟು ಎಟುಕದೆ, ಬಾರಿನ ಕೆಳಗಿಂದ ಕಾಲು ತೂರಿಸಿ ಒಳಪೆಡಲ್ ತುಳಿದೇ ಬಾಲ್ಯ ಮುಗಿದಿತ್ತು. ಐವತ್ತು ದಾಟಿದ ಮೇಲೆ ತನ್ನದೇ ಒಂದು ಸೈಕಲ್ ಬೇಕೆಂದು ಹಟ ಹಿಡಿದದ್ದೂ ಅದಕ್ಕೇ. ಇವತ್ತು ತೆಗೆದ ಅಳತೆಗೇ ಫ್ರೇಮ್ ತಯಾರಾಗುತ್ತದೆ, ಆಮೇಲೆ ಬದಲಾಯಿಸಲು ಬರುವುದಿಲ್ಲ ಎಂದು ಟೋನಿ ಮೊದಲೇ ಹೇಳಿದ್ದ.

ಪಕ್ಕದಲ್ಲಿ ನಿಂತಿದ್ದ ಗಂಡ ಜಗದೀಶ್‌ಗೆ ಬೇರೆ ಯೋಚನೆ. "ಸ್ವಲ್ಪ ದೊಡ್ಡದೇ ಇರ್ಲಿ ಕಣೆ. ನಕುಲ್ ಕಾಲೇಜಿಂದ ಬಂದಾಗ ಅವ್ನೂ ಯೂಸ್ ಮಾಡ್ಬೋದು. ನಾನೂ ಒಂದ್ ರೌಂಡ್ ಹೋಗ್ಬೋದು."

ಮಾತಿನಲ್ಲಿ ತಪ್ಪೇನಿದೆ? ಮನೆಗೆ ತಂದ ವಸ್ತು ಮಗನಿಗೂ ಗಂಡನಿಗೂ ಆಗಬೇಡವೇ? ಹಾಗಾದರೆ ಈ ಕಸಿವಿಸಿ ಯಾಕೆ? ತನಗೆ ಸ್ವಾರ್ಥ ಬಂದುಬಿಟ್ಟಿತೇನೋ ಎಂದು ಅವಳಿಗೆ ಗಾಬರಿಯಾಯಿತು. ಆ ಗಾಬರಿಯಲ್ಲೇ ಗಂಡನ ಮಾತನ್ನು ಇಂಗ್ಲಿಷ್ ಮಾಡಿ ಟೋನಿಗೆ ಒಪ್ಪಿಸಿದಳು.

ಟೋನಿ ಅನುಮಾನದಿಂದಲೇ ಸೀಟು ಏರಿಸಿ, ಹ್ಯಾಂಡಲ್ ದೂರ ಸರಿಸಿದ. ಈಗ ಪೆಡಲ್ ಕೆಳಗಿಳಿದಾಗಲೆಲ್ಲ ಸುಧಾಮಣಿಯ ಸೊಂಟ ಒಂದು ಪಕ್ಕಕ್ಕೆ ವಾಲುತ್ತಿತ್ತು. ಟೋನಿ ಕಂಪ್ಯೂಟರ್ ನೋಡಿದ, ಅವಳನ್ನು ನೋಡಿದ, ಮತ್ತೆ ಕಂಪ್ಯೂಟರ್ ನೋಡಿದ. ಚುಕ್ಕಿಗಳು ಎತ್ತೆತ್ತಲೋ ಓಡುತ್ತಿವೆ, ಈಕೆ ನೋಡಿದರೆ ಫೈನ್ ಎನ್ನುತ್ತಾಳೆ. ಪಾಪ, ಅವನಿಗೂ ತಲೆ ಕೆಟ್ಟಿತು.

"ಈ ಸೈಕಲ್ ಓಡಿಸುವವರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಸುಧಾಮಣಿ ಉತ್ತರಕ್ಕಾಗಿ ಗಂಡನ ಮುಖ ನೋಡಿದಳು. ಅಷ್ಟರಲ್ಲಿ ಕಾಲು ಪೆಡಲಿನಿಂದ ಜಾರಿತು. ತುದಿಗಾಲಲ್ಲಿ ಪೆಡಲ್ ಹುಡುಕುವಾಗ, ಅಣ್ಣನ ಸೈಕಲ್ಲಿನಲ್ಲೂ ಹೀಗೇ ಹುಡುಕುತ್ತಿದ್ದದ್ದು ನೆನಪಾಯಿತು. ಇಷ್ಟು ದೂರ ಬಂದು, ಇಷ್ಟು ವರ್ಷ ಆದಮೇಲೂ ಅದೇನಾ? ಅಳು ಬಂದೇಬಿಟ್ಟಿತು.

"ನೋಯ್ತಿದೆ," ಎಂದಳು. ಆಮೇಲೆ ಕತ್ತು, ಅಂಗೈ, ಸೊಂಟ ಎಂದು ಮುಟ್ಟಿ ಮುಟ್ಟಿ ಟೋನಿಗೆ ತೋರಿಸಿದಳು.

ಜಗದೀಶ್ ಬೆಪ್ಪಾದ. "ಮತ್ತೆ ಇಷ್ಟ್ ಹೊತ್ತೂ ಫೈನ್ ಅಂತಿದ್ಯಲ್ಲೇ?"

"ಯಾಕಂದ್ನೋ ನಂಗೂ ಗೊತ್ತಾಗ್ತಿಲ್ಲ ಕಣ್ರೀ."

ಟೋನಿ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಶುರುಮಾಡಿದ. ಸೀಟು ಇಳಿಯಿತು, ಹ್ಯಾಂಡಲ್ ಹತ್ತಿರ ಬಂತು. ನೋಯುತ್ತಿದೆ ಎಂದಾಗಲೆಲ್ಲ ಅವನು ಬೇಸರಪಡುವ ಬದಲು ಖುಷಿಪಡುತ್ತಿದ್ದ. ಕೊನೆಗೊಮ್ಮೆ ಸುಧಾಮಣಿ ತುಳಿದಾಗ ಎಲ್ಲೂ ನೋವಿರಲಿಲ್ಲ. ಅದೆಷ್ಟು ಹೊಸದೆನಿಸಿತೆಂದರೆ, ಏನೋ ಎಡವಟ್ಟಾಗಿದೆ ಎಂದುಕೊಂಡು ಅವಳು ಕೆಳಗೆ ಬಗ್ಗಿ ನೋಡಿದಳು.

"ಇಳಿ, ನಾನೂ ನೋಡ್ತೀನಿ," ಎಂದು ಜಗದೀಶ್ ಹತ್ತಿದ. ಅವನ ಮೊಣಕಾಲುಗಳು ಹ್ಯಾಂಡಲಿಗೆ ಬಡಿದವು. "ಇದು ನಂಗಾಗಲ್ಲ ಕಣೆ. ನಕುಲ್‌ಗಂತೂ ಆಗೋದೇ ಇಲ್ಲ."

ಅಯ್ಯೋ ಎನ್ನಬೇಕೆಂದು ಸುಧಾಮಣಿ ಬಾಯಿ ತೆರೆದಳು. ಬಂದದ್ದು ನಗು.

"ಆಗ್ದೇ ಇರ್ಲಿ ಬಿಡಿ," ಎಂದು, ಫ್ರೇಮ್ ಮಾಡುವವರಿಗೆ ಇದೇ ಅಳತೆ ಕಳಿಸುವಂತೆ ಟೋನಿಗೆ ಹೇಳಿದಳು.